ಬೇಡಮ್ಮನ ಕಿಟಕಿ

ಬೇಡ ಅನ್ನುವುದನ್ನೇ ಕೆಲಸ ಮಾಡಿಕೊಂಡು, ಅದಕ್ಕೆ ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡವಳು ನನ್ನ ಚಿಕ್ಕಮ್ಮ. ತಮಾಷೆಗೆ ಹೇಳುತ್ತಿಲ್ಲ. ನಮ್ಮೂರಿನ ಕಡಲಂಚಿನಲ್ಲಿ ಸೋಡಾ ಬಾಟಲಿ ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿ ಬಿಳಿ ದೀಪದ ಪೆಟ್ಟಿಗೆಯ ಮುಂದೆ ಸ್ಟೂಲಿನ ಮೇಲೆ ಕೂತು, ಉರುಳುವ ಪಟ್ಟಿಯ ಮೇಲೆ ಸಾಲಾಗಿ ಬರುವ ಬಾಟಲಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅವಳ ಕೆಲಸ. ಕತ್ತು ಓರೆಯಿದ್ದರೆ ಬೇಡ. ತಳದಲ್ಲಿ ಗುಳ್ಳೆಯಿದ್ದರೆ ಬೇಡ. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಬಾಯಲ್ಲಿ "ಬೇಡ" ಅನ್ನುತ್ತಲೇ ಎಡಗೈ ಹಿಂಬದಿಯಿಂದ ಒಂದು ತಟ್ಟು. ಬಾಟಲಿ ಪಕ್ಕದ ತಗಡಿನ ಡಬ್ಬಿಗೆ ಫಳಾರ್ ಎಂದು ಬೀಳುತ್ತಿತ್ತು. ಜೊತೆ ಕೆಲಸದವರು ಇಟ್ಟ ಹೆಸರು ಬೇಡಮ್ಮ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು.

ಈ ಚಾಳಿ ಮನೆಗೂ ಬಂತು. ಯಾರ ಮನೆಗೆ ಹೋದರೂ ಟೀ ಕಪ್ಪನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ತುಟಿಗಿಡುವುದು. ನಾನು ನಾಚಿಕೆಯಿಂದ ಮೇಜಿನ ಕೆಳಗೆ ಅವಳ ಕಾಲು ತುಳಿಯುವುದು. ನನ್ನನ್ನು ಮದುವೆಯಾಗುತ್ತೇನೆ ಎಂದು ಬಂದ ಸಂಭಾವಿತನೊಬ್ಬನನ್ನು ಹೊಸಿಲಲ್ಲೇ ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿ, "ಕತ್ತು ಓರೆ" ಎಂದುಬಿಟ್ಟಳು. ಅವನು ಆಮೇಲೆ ನಮ್ಮ ಬೀದಿಗೇ ಕಾಲಿಡಲಿಲ್ಲ. ಈಗ ಯೋಚಿಸಿದರೆ ಒಳ್ಳೆಯದೇ ಆಯಿತು, ಅದು ಬೇರೆ ವಿಷಯ. "ಹಾಗಾದ್ರೆ ಚಿಕ್ಕಪ್ಪನ್ನ ಹೇಗೆ ಪಾಸ್ ಮಾಡಿದೆ?" ಎಂದು ಕೇಳಿದರೆ ಅವರ ಎದುರಿಗೇ ಹೇಳುತ್ತಾಳೆ: "ಅವತ್ತು ಕರೆಂಟ್ ಇರ್ಲಿಲ್ಲ ಕಣೆ."

ಚಿಕ್ಕಪ್ಪ ನೆಲಕ್ಕೆ ಪಾಲಿಶ್ ಹಾಕುವವರು. ಊರಿನ ಅರ್ಧ ನೆಲಗಳು ಅವರ ಮೆಷಿನ್ನಿನ ಕೆಳಗೆ ಹೋಗಿ ಬಂದವೇ. ಮೊದಲು ಒರಟು ಕಲ್ಲು, ಆಮೇಲೆ ಇನ್ನೂರಿಪ್ಪತ್ತನೇ ನಂಬರಿನ ಕಲ್ಲು, ಆಮೇಲೆ ನಾನೂರು, ಆರುನೂರು, ಕೊನೆಗೆ ಬಿಳಿ ಪುಡಿ ಹಾಕಿ ಬಟ್ಟೆಯ ಚಕ್ರ. "ನೆಲ ಅಂದ್ಮೇಲೆ ಮುಖ ಕಾಣ್ಬೇಕು" ಅನ್ನುವುದು ಅವರ ಸಿದ್ಧಾಂತ. ಕೆಲಸದಿಂದ ನಿವೃತ್ತರಾದ ಮೇಲೂ ಕೈ ಸುಮ್ಮನಿರದೆ ಮನೆಯ ಬಾಗಿಲ ಹಿಡಿ, ಬೂಟು, ಪಾತ್ರೆಯ ತಳ ಎಲ್ಲವನ್ನೂ ಹೊಳೆಸಿಟ್ಟಿದ್ದಾರೆ. ಒಮ್ಮೆ ಹೊರಗಿನ ಮೆಟ್ಟಿಲು ಹೊಳೆಸಿದರು. ಅಂದಿನಿಂದ ಅಂಚೆಯವನು ಬೀದಿಯಲ್ಲೇ ನಿಂತು ಕೂಗುತ್ತಾನೆ, ಮೇಲೆ ಹತ್ತುವುದಿಲ್ಲ.

ಇನ್ನು ನಾನು. ಬೀದಿಯ ತಿರುವಿನಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ ನನ್ನದು. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಚಿಕ್ಕಪ್ಪ ನನ್ನನ್ನು ಕರೆಯುವುದೇ ಪಟಾಕಿ ಎಂದು. ಇರಲಿ, ಈಗ ಹೇಳಲು ಹೊರಟಿದ್ದು ನನ್ನ ವಿಷಯವಲ್ಲ.

ಕಾರ್ಖಾನೆ ಮುಚ್ಚಿದ ಮರುದಿನ ಚಿಕ್ಕಮ್ಮ ಎಂದಿನಂತೆ ಆರು ಗಂಟೆಗೆ ಎದ್ದು, ಅಭ್ಯಾಸಬಲದಿಂದ ಬೂದುಬಣ್ಣದ ಕೆಲಸದ ಕೋಟು ತೊಟ್ಟು ಹೊರಟಳು. ಗೇಟಿಗೆ ಬೀಗ. ವಾಪಸು ಬರಲು ಮನಸ್ಸಾಗದೆ ಕಾರ್ಖಾನೆಯ ಹಿಂದಿನ ಬಂಡೆಗಳ ಕಡೆಗೆ ಇಳಿದಳು. ಹಿಂದೆಲ್ಲ ಆ ತಗಡಿನ ಡಬ್ಬಿಗಳನ್ನು ಸುರಿಯುತ್ತಿದ್ದದ್ದು ಅಲ್ಲೇ. ಅವಳು ತಳ್ಳಿದ ಬಾಟಲಿಯೆಲ್ಲ ಸಮುದ್ರದ ಪಾಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಉಸಿರುಬಿಡುತ್ತ ನನ್ನ ಅಂಗಡಿಗೆ ನುಗ್ಗಿ, ಕೋಟಿನ ಎರಡೂ ಜೇಬುಗಳನ್ನು ಕೌಂಟರಿನ ಮೇಲೆ ಸುರಿದಳು. ಹಸಿರು, ತಿಳಿನೀಲಿ, ಜೇನುಬಣ್ಣ, ಬಿಳಿ. ಮೂಲೆಗಳೆಲ್ಲ ಉರುಟಾಗಿ, ಮೈಮೇಲೆ ಬೆಳಗಿನ ಮಂಜು ಕೂತಂಥ ಮಬ್ಬು.

"ನೋಡೇ! ಇದೆಲ್ಲ ನಾನು ತಳ್ಳಿದ್ದು!"

"ಏನಿದು, ಕಲ್ಲುಸಕ್ಕರೆ ಇದ್ದಂಗಿದೆ?"

"ಗಾಜು ಕಣೆ, ಗಾಜು! ಇಲ್ಲಿ ನೋಡು, ಈ ತಳ. ಗುಳ್ಳೆ ಕಾಣ್ತಾ? ಇದೊಂದೇ ಕಾರಣಕ್ಕೆ ಬೇಡ ಅಂದಿದ್ದೆ. ಈಗ ಆ ಗುಳ್ಳೆಯಿಂದ್ಲೇ ಎಷ್ಟು ಚಂದ ಆಗಿದೆ ನೋಡು!"

ಐವತ್ತೇಳು ವರ್ಷದ ಹೆಂಗಸು ಕುಣಿಯುವುದೊಂದು ಬಾಕಿ. ಅವಳನ್ನು ಹಾಗೆ ನಾನು ಅದುವರೆಗೆ ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ನೀರು ಇಳಿಯುವ ಹೊತ್ತು ಯಾವುದೋ ಅದೇ ಅವಳ ಡ್ಯೂಟಿ. ಚೂರು ಸಿಕ್ಕಿದರೆ ಆಕಾಶಕ್ಕೆ ಹಿಡಿದು, ಒಂದು ಸುತ್ತು ತಿರುಗಿಸುತ್ತಾಳೆ. ಎಲ್ಲಾದರೂ ಒಂಚೂರು ಹೊಳಪು ಉಳಿದಿದ್ದರೆ, "ಇನ್ನೂ ಆಗಿಲ್ಲ. ಹೋಗು, ಇಪ್ಪತ್ತು ವರ್ಷ ಬಿಟ್ಟು ಬಾ" ಎಂದು ನೀರಿಗೆ ಎಸೆಯುತ್ತಾಳೆ. ಪೂರ್ತಿ ಮಬ್ಬಾದದ್ದು ಮಾತ್ರ ಜೇಬಿಗೆ. ಹೊಳಪು ಅಂದರೆ ಕಾಯಿ, ಮಬ್ಬು ಅಂದರೆ ಹಣ್ಣು, ಅವಳ ಲೆಕ್ಕದಲ್ಲಿ.

ನನ್ನ ಅಂಗಡಿಯ ಹಿಂದಿನ ಕೋಣೆಯ ಉದ್ದ ಮೇಜನ್ನು ಅವಳು ಕೇಳದೆಯೇ ಆಕ್ರಮಿಸಿದಳು. ಗಾಜಿನ ಹಲಗೆಯ ಮೇಲೆ ಚೂರುಗಳನ್ನು ಜೋಡಿಸಿ, ಬಣ್ಣವಿಲ್ಲದ ಅಂಟಿನಿಂದ ಕೂರಿಸಿ ಚಿತ್ರ ಮಾಡತೊಡಗಿದಳು. ದೋಣಿ, ಹಕ್ಕಿ, ದೀಪಸ್ತಂಭ, ಬಲೆ ಹರವಿದ ದಡ. ದಡಕ್ಕೆ ಬಿದ್ದ ಸವೆದ ಕಟ್ಟಿಗೆಯಿಂದ ನಾನು ಚೌಕಟ್ಟು ಮಾಡಿಕೊಡುತ್ತಿದ್ದೆ. ಎಷ್ಟು ಚಂದ ಮಾಡುತ್ತಿದ್ದಳು ಅನ್ನುತ್ತೀರಿ! ಆದರೆ ಮುಗಿದ ಮರುದಿನ ಬೆಳಕಿಗೆ ಹಿಡಿದು, ತುಟಿ ಓರೆ ಮಾಡಿ, "ಬೇಡ" ಎಂದು ಚೂರುಗಳನ್ನೆಲ್ಲ ಕಿತ್ತು ಮತ್ತೆ ಡಬ್ಬಿಗೆ ಹಾಕುತ್ತಿದ್ದಳು. ನಾನು ಹಣೆಹಣೆ ಚಚ್ಚಿಕೊಳ್ಳುತ್ತಿದ್ದೆ. ಆರು ವರ್ಷದಲ್ಲಿ ಉಳಿದದ್ದು ಎರಡೇ ಎರಡು, ಒಂದು ದೋಣಿ, ಒಂದು ಹಕ್ಕಿ. ಅವೂ ಉಳಿದದ್ದು ನಾನು ಅವಳ ಕೈಯಿಂದ ಕಿತ್ತುಕೊಂಡು ಅಂಗಡಿಯ ಗೋಡೆಗೆ ಮೊಳೆ ಹೊಡೆದದ್ದರಿಂದ.

ಆ ದೋಣಿಯೇ ನಮಗೆ ಕಿಟಕಿ ತಂದುಕೊಟ್ಟಿತು. ಎದುರು ದಡಕ್ಕೆ ಜನರನ್ನು ದಾಟಿಸುವ ಲಾಂಚ್ ನಿಲ್ದಾಣದಲ್ಲಿ ಹೊಸ ತಂಗುಕೋಣೆ ಕಟ್ಟುತ್ತಿದ್ದರು. ನಿಲ್ದಾಣದ ಉಸ್ತುವಾರಿ ನೋಡುವ ಮೇಡಂ ಒಂದು ದಿನ ಯಾವುದೋ ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಲು ಬಂದವರು ಗೋಡೆಯ ದೋಣಿಯನ್ನು ನೋಡಿ ಮಾತು ನಿಲ್ಲಿಸಿದರು. ಕನ್ನಡಕ ತೆಗೆದರು, ಹಾಕಿದರು, ಹತ್ತಿರ ಹೋದರು.

"ಇದನ್ನ ಮಾಡಿದ್ದು ಯಾರು? ಅವ್ರು ನಮ್ಗೊಂದು ದೊಡ್ಡ ಕಿಟಕಿ ಮಾಡಿಕೊಡ್ತಾರಾ? ಸಮುದ್ರದ ಕಡೆಗಿರೋ ಕಿಟಕಿ. ಮೂರು ಗಾಜು, ಒಂದೊಂದೂ ಆಳೆತ್ತರ."

ನಾನು ಹೂಂ ಅನ್ನುವ ಮೊದಲೇ ಹಿಂದಿನ ಕೋಣೆಯಿಂದ ಡಬ್ಬಿ ಬಿದ್ದ ಸದ್ದಾಯಿತು. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

ಗಡುವು ಮೂರು ತಿಂಗಳು. ತಂಗುಕೋಣೆ ತೆರೆಯುವುದು ಆ ಮೂರು ತಿಂಗಳು ಮುಗಿಯುವ ಶನಿವಾರ ಬೆಳಗ್ಗೆ, ಮೊದಲ ಲಾಂಚಿಗೆ. ಅಷ್ಟರೊಳಗೆ ಕಿಟಕಿ ಕೂರದಿದ್ದರೆ ಮೇಡಂ ಕಚೇರಿಯಲ್ಲಿ ಸುರುಳಿ ಸುತ್ತಿಟ್ಟ ಪ್ಲಾಸ್ಟಿಕ್ ಚಿತ್ರವೊಂದನ್ನು ಗಾಜಿಗೆ ಅಂಟಿಸಿಬಿಡುತ್ತಾರೆ. ನಾನು ಅದನ್ನು ಬಿಚ್ಚಿ ನೋಡಿದ್ದೆ. ಡಾಲ್ಫಿನ್‌ಗಳು! ಕಪ್ಪು ಕನ್ನಡಕ ಹಾಕಿಕೊಂಡ ಡಾಲ್ಫಿನ್‌ಗಳು! ನನ್ನ ಮೈಯೆಲ್ಲ ಉರಿದುಹೋಯಿತು.

ಚಿಕ್ಕಮ್ಮನಿಗೆ ಡಾಲ್ಫಿನ್ ಚಿಂತೆಯಿರಲಿಲ್ಲ. ಮೊದಲ ಚೂರು ಅಂಟಿಸುವ ದಿನ ಅವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು ಹೇಳಿದಳು: "ಜೀವಮಾನವೆಲ್ಲ ತಳ್ಳಿದ್ದೇ ಆಯ್ತು ಕಣೆ. ಒಂದೇ ಒಂದನ್ನ ತಳ್ಳದೆ ನಿಲ್ಲಿಸ್ಬೇಕು. ಇದನ್ನೂ ಕಿತ್ತುಹಾಕಿದ್ರೆ ಇನ್ಮೇಲೆ ನಾನು ಗಾಜು ಮುಟ್ಟಲ್ಲ." ಅವಳು ಹೇಳಿದ್ದನ್ನು ಮಾಡುವವಳು. ನನಗೆ ಒಳಗೇ ಪುಕುಪುಕು ಶುರುವಾಯಿತು.

ಮೂರು ತಿಂಗಳು ಆ ಕೋಣೆಯಲ್ಲಿ ನಡೆದದ್ದನ್ನು ಹೇಗೆ ಹೇಳಲಿ! ಮೇಲಿನ ಭಾಗದಲ್ಲಿ ಆಳದ ನೀಲಿ, ಅದರ ಕೆಳಗೆ ಹಸಿರು, ಕೆಳಗೆ ಜೇನುಬಣ್ಣದ ಮರಳು. ಸಮುದ್ರವೇ ಮೇಜಿನ ಮೇಲೆ ಮಲಗಿದೆ. ನೀರು ಮತ್ತು ಮರಳಿನ ನಡುವೆ, ಮೂರು ಗಾಜಿನ ಉದ್ದಕ್ಕೂ, ಅಂಗೈ ಅಗಲದ ಜಾಗ ಖಾಲಿ ಬಿಟ್ಟಿದ್ದಳು. ಅಲೆ ಬಂದು ಮುಟ್ಟಿ ಹೋಗುವ ಅಂಚು ಅದು. ಅದಕ್ಕೆಂದೇ, ಆರು ವರ್ಷ ಕೂಡಿಸಿದ್ದರಲ್ಲಿ ಆರಿಸಿದ ನೂರೆಂಬತ್ತು ಬಿಳಿ ಮತ್ತು ತಿಳಿನೀಲಿ ಚೂರುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಮನೆಯಲ್ಲಿ ಮಂಚದ ಕೆಳಗೆ ಇಟ್ಟಿದ್ದಳು. ಕೊನೆಗೆ ಕೂರಿಸುವುದು ಅವನ್ನೇ.

ಆದರೂ ಅವಳಿಗೆ ಸಮಾಧಾನವಿಲ್ಲ. ದಿನಾ ಸಂಜೆ ಎರಡು ಹೆಜ್ಜೆ ಹಿಂದೆ ನಿಂತು ತಲೆ ಓರೆ ಮಾಡಿ ನೋಡುತ್ತಿದ್ದಳು.

"ಏನೋ ಕಮ್ಮಿ ಇದೆ."

"ಏನೂ ಕಮ್ಮಿ ಇಲ್ಲ. ಬಾಯಿ ಮುಚ್ಕೊಂಡು ಅಂಟಿಸು."

"ಇಲ್ಲ ಕಣೆ. ಒಣಗಿದ ಸಮುದ್ರ ಇದ್ದಂಗಿದೆ. ನೆರಳಲ್ಲಿ ಒಣಹಾಕಿದ ಹಂಗೆ."

ಅವಳ ಎಡಗೈ ತನ್ನಷ್ಟಕ್ಕೆ ಒಮ್ಮೆ ಪಕ್ಕಕ್ಕೆ ಜಾಡಿಸಿತು. ತಳ್ಳುವ ಹಳೆಯ ತಟ್ಟು. ಆವತ್ತಿನಿಂದ ಅಂಗಡಿ ಮುಚ್ಚುವಾಗ ಹಿಂದಿನ ಕೋಣೆಯ ಬೀಗದ ಕೈ ನಾನೇ ಇಟ್ಟುಕೊಳ್ಳತೊಡಗಿದೆ.

ಈ ಗಡಿಬಿಡಿಯಲ್ಲಿ ಚಿಕ್ಕಪ್ಪ ಒಂದೆರಡು ವಾರದಿಂದ ವಿಚಿತ್ರವಾಗಿ ಆಡುತ್ತಿದ್ದುದನ್ನು ನಾನು ಗಮನಿಸಲೇ ಇಲ್ಲ. ಚಿಕ್ಕಮ್ಮ ಮನೆ ಬಿಟ್ಟ ಕೂಡಲೇ ಮೇಲೆ ಮಾಳಿಗೆಯಲ್ಲಿ ಮೆಷಿನ್ ಗೊರಗುಟ್ಟುತ್ತಿತ್ತಂತೆ. ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡಿದ್ದರು. ಕೇಳಿದರೆ, "ಪಟಾಕಿ, ನಿನ್ ಕೆಲಸ ನೀನು ನೋಡು" ಎಂದು ಮೀಸೆಯಡಿ ನಗುತ್ತಿದ್ದರು.

ತೆರೆಯುವುದಕ್ಕೆ ಎರಡು ದಿನ ಮೊದಲು, ಗುರುವಾರ ಮಧ್ಯಾಹ್ನ, ಅವರೇ ಬಿಸ್ಕತ್ತಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಗೆ ಬಂದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಆರು ವರ್ಷ ಈ ಕೋಣೆಯ ಹೊಸಿಲು ದಾಟದವರು, "ಕಸ ಹೆಕ್ಕೋಳ ಆಫೀಸು" ಎಂದು ಬೀದಿಯಿಂದಲೇ ಗೇಲಿ ಮಾಡುತ್ತಿದ್ದವರು! ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತರು.

"ತೆಗಿ. ತೆಗೆದು ನೋಡು."

ಚಿಕ್ಕಮ್ಮ ಮುಚ್ಚಳ ತೆಗೆದಳು. ನಾನು ಇಣುಕಿದೆ.

ಹೊಳೆಯುತ್ತಿದ್ದವು. ನೂರೆಂಬತ್ತಕ್ಕೆ ನೂರೆಂಬತ್ತೂ! ಮಬ್ಬಿನ ಸುಳಿವೇ ಇಲ್ಲ, ಅಂಗಡಿಯಲ್ಲಿ ಈಗಷ್ಟೇ ಕೊಂಡು ತಂದ ಲೋಟದ ಹಾಗೆ ಫಳಫಳ.

"ಹದಿನಾಲ್ಕು ದಿನ," ಅಂದರು ಚಿಕ್ಕಪ್ಪ. "ಒಂದೊಂದನ್ನೂ ಕೈಯಲ್ಲಿ ಹಿಡಿದು. ಒರಟು ಕಲ್ಲಿಂದ ಶುರು ಮಾಡಿ ಪುಡಿವರೆಗೆ. ಒಂದೂ ಒಡೀಲಿಲ್ಲ. ಮುಖ ನೋಡ್ಕೋ ಅದ್ರಲ್ಲಿ."

ಚಿಕ್ಕಮ್ಮ ಒಂದು ಚೂರನ್ನೆತ್ತಿ ಬೆಳಕಿಗೆ ಹಿಡಿದಳು. ಅಭ್ಯಾಸದಂತೆ ಒಂದು ಸುತ್ತು ತಿರುಗಿಸಿದಳು. ಮುಖ ಬಿಳಿಚಿಕೊಂಡಿತು. ಚೂರನ್ನು ಮೆಲ್ಲಗೆ ಡಬ್ಬಿಗೆ ಹಾಕಿ, ಸ್ಟೂಲಿನ ಮೇಲೆ ಕುಸಿದಳು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಹೇಳಬಾರದ್ದನ್ನೆಲ್ಲ ಹೇಳಿದೆ. "ಏನ್ ಮಾಡಿದ್ರಿ ಚಿಕ್ಕಪ್ಪ! ಮಬ್ಬೇ ಅದ್ರ ಜೀವ! ಮೂವತ್ತು ವರ್ಷ ಸಮುದ್ರ ಕೂತು ಮಾಡಿದ್ದನ್ನ ಹದಿನಾಲ್ಕು ದಿನದಲ್ಲಿ ಉಜ್ಜಿ ಹಾಕಿದ್ರಲ್ಲ! ನಿಮ್ ಕೈಗೆ ಸಿಕ್ಕಿದ್ದೆಲ್ಲ ಹೊಳೀಲೇಬೇಕಾ? ಇರೋದು ನಾಳೆ ಒಂದೇ ದಿನ. ಎಲ್ಲಿಂದ ತರೋಣ ಹೇಳಿ, ಎಲ್ಲಿಂದ?"

ಚಿಕ್ಕಪ್ಪ ಮೊದಲು ನನ್ನನ್ನು ನೋಡಿದರು, ಆಮೇಲೆ ಅವಳನ್ನು. ಕಟ್ಟಿದ ಕೈ ಕೆಳಗಿಳಿಯಿತು.

"ಒಳ್ಳೊಳ್ಳೇ ಗಾಜು ನೋಡಿದ ಕಣ್ಣು ಇವಳ್ದು," ಎಂದರು ನೆಲ ನೋಡುತ್ತ. "ಮಂಕು ಗಾಜಿಟ್ಕೊಂಡು ಊರಿನ ಮುಂದೆ ನಿಲ್ಲೋದು ಬೇಡ ಅಂತ..."

ಅಷ್ಟು ಹೇಳಿ ಹೊರಟೇಹೋದರು. ಅಂಗಡಿಯ ಬಾಗಿಲು ದಾಟುವಾಗ ಹಿಡಿಯನ್ನು ಅಂಗಿಯ ತೋಳಿನಿಂದ ಒಮ್ಮೆ ಒರೆಸಿದರು, ಅಭ್ಯಾಸಬಲ. ಅದನ್ನು ನೋಡಿದರೂ ನನ್ನ ಕೋಪ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ.

"ಉಪ್ಪುಕಾಗದ ತರ್ಲಾ?" ಎಂದೆ. "ಉಜ್ಜಿ ಮತ್ತೆ ಮಬ್ಬು ಮಾಡೋಣ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ" ಎಂದಳು ಚಿಕ್ಕಮ್ಮ. ಅಷ್ಟೇ. ಕೋಟು ತೊಟ್ಟು ಮನೆಗೆ ಹೋದಳು.

ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ಚಿಕ್ಕಮ್ಮ, ನಾನು ಇಬ್ಬರೂ ಬಂಡೆಗಳ ಹತ್ತಿರವಿದ್ದೆವು. ನೀರು ಇಳಿಯುವ ಹೊತ್ತು. ನೂರೆಂಬತ್ತು ಚೂರು ಒಂದು ಬೆಳಗ್ಗೆಗೆ ಸಿಕ್ಕುವ ಮಾತೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಕೈಕಟ್ಟಿ ಕೂರಲು ಇಬ್ಬರಿಗೂ ಬರುವುದಿಲ್ಲ. ಒಂದು ಗಂಟೆ ಸೊಂಟ ಬಗ್ಗಿಸಿ ಹುಡುಕಿದ ಮೇಲೆ ನನಗೆ ಸಿಕ್ಕಿದ್ದು ಏಳು, ಅವಳಿಗೆ ಹನ್ನೆರಡು. ಅವಳ ಕೈಯಲ್ಲಿ ಆಗತಾನೆ ನೀರಿನಿಂದ ಎತ್ತಿದ ಬಿಳಿ ಚೂರೊಂದಿತ್ತು. ಎಂದಿನಂತೆ ಆಕಾಶಕ್ಕೆ ಹಿಡಿಯುವ ಬದಲು, ಯಾಕೋ, ಬಗ್ಗಿದ ಹಾಗೆಯೇ ಕಣ್ಣಿನ ಮುಂದೆ ಹಿಡಿದಳು. ಹಿಡಿದವಳು ಹಾಗೆಯೇ ನಿಂತುಬಿಟ್ಟಳು.

"ಏನಾಯ್ತು? ಸೊಂಟ ಹಿಡ್ಕೊಳ್ತಾ?"

"ಶ್! ಕಾಣ್ತಿದೆ."

"ಏನು ಕಾಣ್ತಿದೆ?"

"ಸಮುದ್ರ. ಇದ್ರೊಳಗಿಂದ ಅಲೆ ಬರ್ತಿರೋದು ಕಾಣ್ತಿದೆ... ಈಗ ಮಸುಕಾಗ್ತಿದೆ... ಹೋಯ್ತು."

ಅವಳು ಚೂರನ್ನು ನೀರಿಗದ್ದಿ ಮತ್ತೆ ಕಣ್ಣಿಗೆ ಹಿಡಿದಳು. ಮತ್ತೆ ಒಣಗುವತನಕ ಕಾದಳು. ಮತ್ತೆ ಅದ್ದಿದಳು. ನಾನು ಇವಳಿಗೆ ತಲೆ ಕೆಟ್ಟಿತು ಎಂದುಕೊಂಡೆ. ಮೂರನೆಯ ಸಲ ಅವಳು ಕೂಗಿದ ಕೂಗಿಗೆ ಬಂಡೆಯ ಮೇಲಿನ ಹಕ್ಕಿಗಳೆಲ್ಲ ಎದ್ದವು.

"ಒದ್ದೆ! ಒದ್ದೆ ಕಣೇ!" ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಒದ್ದೆಯಿದ್ರೆ ಹೊಳಪು, ಒಣಗಿದ್ರೆ ಮಬ್ಬು! ಮೂರು ತಿಂಗಳಿಂದ ಬಾಯಿ ಬಡ್ಕೊಂಡೆನಲ್ಲ, ಒಣಗಿದ ಸಮುದ್ರ ಅಂತ! ಎಲ್ಲಾ ಒಣಗಿದ ಚೂರೇ ಅಂಟಿಸಿದ್ರೆ ಒಣಗಿದಂಗೇ ಕಾಣುತ್ತೆ. ಅಲೆ ಮುಟ್ಟಿದ ಜಾಗ ಒದ್ದೆ ಇರ್ಬೇಕಲ್ವೇನೇ! ನಿಮ್ ಚಿಕ್ಕಪ್ಪ ಮಾಡಿರೋದು ಹೊಳಪಲ್ಲ ಕಣೆ. ಒಣಗದೇ ಇರೋ ಗಾಜು!"

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ನಾನೂ ಕಿರುಚಿದೆ. ಇಬ್ಬರೂ ಮೊಣಕಾಲುದ್ದ ನೀರಲ್ಲಿ ನಿಂತು ಹುಚ್ಚಿಯರ ಹಾಗೆ ಕಿರುಚಿದೆವು. ಗಾಳ ಹಾಕಿ ಕೂತಿದ್ದ ಒಬ್ಬ ಮುದುಕ ತನ್ನ ಡಬ್ಬಿ ಎತ್ತಿಕೊಂಡು ದೂರ ಹೋಗಿ ಕೂತ.

ಆದರೆ ಚಿಕ್ಕಮ್ಮ ಅಲ್ಲಿಗೇ ನಿಲ್ಲುವವಳೇ? ದಾರಿಯುದ್ದಕ್ಕೂ ಓಡುತ್ತ, ಏದುಸಿರು ಬಿಡುತ್ತ ಲೆಕ್ಕ ಹಾಕಿದಳು. ಅಲೆ ಹಿಂದೆ ಸರಿದ ಮೇಲೆ ಮರಳು ಒಂದೇ ಸಲಕ್ಕೆ ಒಣಗುತ್ತದೆಯೇ? ಇಲ್ಲ. ಅಂಚಿನಲ್ಲಿ ಪೂರ್ತಿ ಒದ್ದೆ, ಆಮೇಲೆ ಅರೆ ಒದ್ದೆ, ಆಮೇಲೆ ಒಣಗುತ್ತ ಬಂದದ್ದು, ಆಮೇಲಷ್ಟೇ ಒಣ ಮರಳು. ಹಾಗಾದರೆ ಅರೆ ಹೊಳಪಿನ ಚೂರು ಬೇಕು. ಅದನ್ನು ಸಮುದ್ರವೂ ಮಾಡಿಕೊಡುವುದಿಲ್ಲ, ಅವಳಿಗೂ ಬರುವುದಿಲ್ಲ.

ಚಿಕ್ಕಪ್ಪ ಮಾಳಿಗೆಯಲ್ಲಿದ್ದರು. ಮೆಷಿನ್ನನ್ನು ಬಿಚ್ಚಿ, ಕಲ್ಲುಗಳನ್ನು ಒಂದೊಂದಾಗಿ ಹಳೆಯ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದರು. ನಮ್ಮ ಕಾಲಸಪ್ಪಳ ಕೇಳಿದರೂ ತಿರುಗಲಿಲ್ಲ. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ರಾತ್ರಿ ನಿದ್ದೆ ಮಾಡಿಲ್ಲ. ನಿನ್ನೆಯ ನನ್ನ ಮಾತುಗಳೆಲ್ಲ ನೆನಪಾಗಿ ನಾನು ಬಾಗಿಲ ಹಿಂದೆಯೇ ನಿಂತೆ. ಚಿಕ್ಕಮ್ಮ ಮಾತ್ರ ಒದ್ದೆ ಕಾಲಲ್ಲೇ ನೇರ ಹೋಗಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ದಾರಿಯಲ್ಲಿ ಅಂಗಡಿಗೆ ನುಗ್ಗಿ ಕೋಟಿನ ಜೇಬಿಗೆ ತುಂಬಿಕೊಂಡಿದ್ದ ಜೇನುಬಣ್ಣದ ಚೂರುಗಳನ್ನು ಹಿಡಿಯಷ್ಟು ತೆಗೆದು ಅವರ ಅಂಗೈಗೆ ಸುರಿದಳು.

"ರೀ," ಎಂದಳು. "ಇನ್ನೂ ಅರವತ್ತು ಬೇಕು."

ಮೂವತ್ತೊಂದು ವರ್ಷ ಒಂದೇ ಪದ ಹೇಳಿದವಳ ಬಾಯಿಂದ ಆ ಮಾತು! ಚಿಕ್ಕಪ್ಪ ತಲೆಯೆತ್ತಿ ಅವಳನ್ನೇ ನೋಡಿದರು. ಚೇಷ್ಟೆ ಮಾಡುತ್ತಿದ್ದಾಳೋ, ಸಮಾಧಾನ ಹೇಳುತ್ತಿದ್ದಾಳೋ ಎಂದು ಹುಡುಕಿದರು. ಎರಡೂ ಅಲ್ಲ ಎಂದು ತಿಳಿಯಲು ಅವರಿಗೂ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಒಂದೇ ಉಸಿರಿಗೆ ಒದ್ದೆ, ಅರೆ ಒದ್ದೆ, ಅಲೆ, ಅಂಚು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು. ಕಣ್ಣೊರೆಸಿಕೊಂಡರು, ಪಟ್ಟಿ ಸುತ್ತಿದ ಬೆರಳಿಂದಲೇ.

"ಅರೆ ಒದ್ದೆ ಅಂದ್ರೆ ನಾನೂರರಲ್ಲಿ ನಿಲ್ಲಿಸ್ತೀನಿ," ಎಂದರು, ಸುತ್ತಿಟ್ಟ ಕಲ್ಲುಗಳನ್ನು ಮತ್ತೆ ಬಿಚ್ಚುತ್ತ. "ಒಣಗ್ತಾ ಬಂದಿದ್ದು ಇನ್ನೂರಿಪ್ಪತ್ತು. ಪುಡಿ ಹಾಕ್ಲೇಬಾರ್ದು. ಅರ್ಧ ಗಂಟೆಗೆ ಹತ್ತು ಕೊಡ್ತೀನಿ." ಆಮೇಲೆ ಬಾಗಿಲ ಕಡೆ ತಿರುಗಿ, "ಲೇ ಪಟಾಕಿ, ಅಲ್ಲಿ ನಿಂತು ಅಳ್ಬೇಡ. ಬಕೆಟ್‌ಗೆ ನೀರು ತುಂಬಿಸು!"

ನಾನು ಅಳುತ್ತಿರಲಿಲ್ಲ. ಸರಿ, ಅಳುತ್ತಿದ್ದೆ. "ಚಿಕ್ಕಪ್ಪ, ನಿನ್ನೆ ನಾನು..." ಎಂದು ಶುರುಮಾಡಿದೆ. "ನೀರು!" ಎಂದರು. ತುಂಬಿಸಿದೆ.

ಆ ಶುಕ್ರವಾರದಂಥ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಅಂಗಡಿಗೆ "ಇಂದು ರಜೆ" ಎಂದು ಬರೆದು ಹಾಕಿದೆ. ಮಾಳಿಗೆಯಲ್ಲಿ ಚಿಕ್ಕಪ್ಪ ಉಜ್ಜುವುದು, ನಾನು ಹತ್ತು ಹತ್ತರಂತೆ ಡಬ್ಬಿಯಲ್ಲಿ ಹಿಡಿದು ಆ ಹಾಳು ಮೆಟ್ಟಿಲ ಮೇಲೆ ಜಾರದಂತೆ ಇಳಿದು ಅಂಗಡಿಗೆ ಓಡುವುದು, ಚಿಕ್ಕಮ್ಮ ಬೆಳಕಿಗೆ ಹಿಡಿದು ನೋಡುವುದು. "ಇದು ಇನ್ನೂ ಒಂದು ತಿಕ್ಕು ಕೇಳ್ತಿದೆ ಅಂತ ಹೇಳು ಅವ್ರಿಗೆ." ಮತ್ತೆ ಮೇಲೆ ಓಡು. "ಅವಳ ಕಣ್ಣು ಸರಿ ಇಲ್ಲ ಅಂತ ಹೇಳು ಅವಳಿಗೆ." ಮತ್ತೆ ಕೆಳಗೆ ಓಡು. ಮಧ್ಯಾಹ್ನದ ಮೇಲೆ ಇಬ್ಬರ ಬೈಗುಳ ಹೊರುವುದು ಸಾಕಾಗಿ, ಚಿಕ್ಕಪ್ಪನನ್ನೇ ಕಲ್ಲುಗಳ ಸಮೇತ ಅಂಗಡಿಗೆ ಎಳೆದುಕೊಂಡು ಬಂದೆ. ಗಂಡಹೆಂಡಿರು ಒಂದೇ ಮೇಜಿನ ಎರಡು ಬದಿ ಕೂತರು. ಆಮೇಲೆ ಜಗಳವೂ ಇಲ್ಲ, ಮಾತೂ ಇಲ್ಲ. ಅವರು ಉಜ್ಜಿ ನೀರಲ್ಲದ್ದಿ ಒರೆಸಿ ಮೇಜಿನ ಮೇಲೆ ತಳ್ಳುವರು, ಅವಳು ಎತ್ತಿ ನೋಡಿ ಅಂಟು ಹಚ್ಚಿ ಕೂರಿಸುವಳು. ಕತ್ತಲಾಗುವ ಮುಂಚೆ ಕೊನೆಯ ಚೂರು ಕೂತಿತು.

ಆದರೆ ಒಂದು ಭಯ ಉಳಿದಿತ್ತು. ಮೇಜಿನ ಮೇಲೆ, ಹಿಂದೆ ಮರದ ಹಲಗೆ ಇರುವಾಗ, ಆ ಹೊಳಪಿನ ಅಂಚು ಬರೀ ಕಪ್ಪುಕಪ್ಪಾಗಿ ಕಾಣುತ್ತಿತ್ತು. ಚಿಕ್ಕಮ್ಮ ನೋಡಿದಳು. ಎಡಗೈ ಮೇಲೆದ್ದಿತು. ಅವಳು ಆ ಕೈಯನ್ನು ತನ್ನ ಬಲಗೈಯಿಂದ ಹಿಡಿದು ಮಡಿಲಿಗೆ ಎಳೆದುಕೊಂಡಳು.

"ನಾಳೆ ಬೆಳಕಲ್ಲಿ ನೋಡೋಣ," ಎಂದಳು.

ಶನಿವಾರ ಬೆಳಗ್ಗೆ ಆರಕ್ಕೆ ನಿಲ್ದಾಣದ ನಾಲ್ಕು ಜನ ಕೂಲಿಯವರು, ನಾನು, ಚಿಕ್ಕಪ್ಪ ಸೇರಿ ಮೂರು ಗಾಜುಗಳನ್ನು ಹೊತ್ತು ತಂದು ಚೌಕಟ್ಟಿಗೆ ಕೂರಿಸಿದೆವು. ಕೂರಿಸುವಷ್ಟು ಹೊತ್ತೂ ನನ್ನ ಜೀವ ಬಾಯಲ್ಲಿತ್ತು. ಮೇಡಂ ಪ್ಲಾಸ್ಟಿಕ್ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದರು. ಚಿಕ್ಕಮ್ಮ ಕಿಟಕಿಗೆ ಬೆನ್ನು ಹಾಕಿ, ಬೂದುಬಣ್ಣದ ಕೋಟಿನ ಜೇಬುಗಳಲ್ಲಿ ಕೈ ತುರುಕಿಕೊಂಡು, ಗೋಡೆ ನೋಡುತ್ತ ನಿಂತಳು. ತಿರುಗಲು ಧೈರ್ಯವಿಲ್ಲ.

ಕೊನೆಯ ತಿರುಪು ಬಿಗಿದು ಕೂಲಿಯವರು ಪಕ್ಕಕ್ಕೆ ಸರಿದರು.

ನಾನು ಏನು ನೋಡಿದೆ ಎಂದು ಹೇಳುತ್ತೇನೆ ಕೇಳಿ. ಮಬ್ಬಿನ ನೀಲಿ, ಮಬ್ಬಿನ ಹಸಿರು, ಮಬ್ಬಿನ ಮರಳು ಎಲ್ಲ ಬೆಳಗಿನ ಬೆಳಕು ಕುಡಿದು ಮೆತ್ತಗೆ ಬೆಳಗುತ್ತಿದ್ದವು, ಅಲ್ಲಾಡದೆ. ಆದರೆ ಅವುಗಳ ನಡುವಿನ ಆ ಅಂಚು, ಚಿಕ್ಕಪ್ಪನ ಅಂಚು, ಅದು ಹರಿಯುತ್ತಿತ್ತು! ಆ ನೂರೆಂಬತ್ತು ಚೂರುಗಳೊಳಗಿಂದ ಹೊರಗಿನ ನಿಜವಾದ ಸಮುದ್ರ ಕಾಣುತ್ತಿತ್ತು. ಹೊರಗೆ ಒಂದು ಅಲೆ ಎದ್ದರೆ ಕಿಟಕಿಯ ಅಂಚಿನುದ್ದಕ್ಕೂ ಮಿಂಚಿ ಹೋಗುತ್ತಿತ್ತು. ಅದರ ಕೆಳಗೆ ಅರೆ ಒದ್ದೆ, ಒಣಗುತ್ತ ಬಂದದ್ದು, ಆಮೇಲೆ ಒಣ ಮರಳು. ಕೂಲಿಯವನೊಬ್ಬ, "ಅಯ್ಯಯ್ಯೋ, ನೀರು!" ಎಂದು ಕಾಲು ಹಿಂದೆ ತೆಗೆದ.

"ಚಿಕ್ಕಮ್ಮ, ತಿರುಗೇ! ತಿರುಗಿ ನೋಡೇ!"

ಅವಳು ತಿರುಗುವಷ್ಟರಲ್ಲಿ ತಂಗುಕೋಣೆ ಗುಡಿಸುವ ಹೆಂಗಸು ಬಕೆಟ್ ಹಿಡಿದು ಒಳಗೆ ಬಂದಳು. ಮೊದಲ ಲಾಂಚಿಗೆ ಜನ ಬರುವ ಹೊತ್ತು, ಅವಳಿಗೆ ಅವಸರ. ಕಿಟಕಿ ನೋಡಿ, "ಛೆ, ಈಗಷ್ಟೇ ಕೂರಿಸಿದ್ದು, ಆಗ್ಲೇ ನೀರು ಸೋರಿದೆ" ಎಂದು ಗೊಣಗಿ, ಹೆಗಲ ಮೇಲಿನ ಒಣಬಟ್ಟೆ ತೆಗೆದು ಆ ಅಂಚನ್ನು ಒರೆಸತೊಡಗಿದಳು. ಒಂದು ಸಲ ಒರೆಸಿದಳು. ಬಟ್ಟೆ ನೋಡಿಕೊಂಡಳು. ಮತ್ತೆ ಒರೆಸಿದಳು. ಈ ಕೊನೆಯಿಂದ ಆ ಕೊನೆಯವರೆಗೆ ಮೂರು ಗಾಜಿನುದ್ದಕ್ಕೂ ಒರೆಸುತ್ತ ಹೋದಳು. ಯಾರೂ ತಡೆಯಲಿಲ್ಲ. ಮೇಡಂ ಕಂಕುಳಿನ ಸುರುಳಿ ಯಾವಾಗಲೋ ನೆಲಕ್ಕೆ ಬಿದ್ದು ಉರುಳಿತ್ತು.

"ಇದೇನಮ್ಮ, ಎಷ್ಟು ಒರೆಸಿದ್ರೂ ಒಣಗ್ತಾನೇ ಇಲ್ಲ!" ಎಂದಳು ಗುಡಿಸುವವಳು, ಸುಸ್ತಾಗಿ.

ಚಿಕ್ಕಪ್ಪ ಮುಂದೆ ಬಂದರು. ಅವಳ ಕೈಯಿಂದ ಬಟ್ಟೆಯನ್ನು ನಯವಾಗಿ ತೆಗೆದುಕೊಂಡರು.

"ಬಿಡಮ್ಮ. ಅದು ಒಣಗಲ್ಲ," ಎಂದರು. "ಹದಿನಾಲ್ಕು ದಿನ ಕೂತು ಒದ್ದೆ ಮಾಡಿದ್ದು."

ಚಿಕ್ಕಮ್ಮ ಕಿಟಕಿಯ ಹತ್ತಿರ ಹೋದಳು. ಬಾಟಲಿ ನೋಡುವ ಹಾಗೆಯೇ ನೋಡಿದಳು, ಎಡತುದಿಯಿಂದ ಶುರುಮಾಡಿ, ಒಂದೊಂದೇ ಚೂರು, ಆತುರವಿಲ್ಲದೆ. ನಾನು ಅವಳ ಎಡಗೈಯನ್ನೇ ನೋಡುತ್ತಿದ್ದೆ. ಚಿಕ್ಕಪ್ಪನೂ ಅದನ್ನೇ ನೋಡುತ್ತಿದ್ದರು. ಬಲತುದಿ ಮುಟ್ಟುವ ಹೊತ್ತಿಗೆ ಹೊರಗೆ ಮೊದಲ ಲಾಂಚಿನ ಸೀಟಿ ಕೇಳಿಸಿತು, ಜನ ಬಾಗಿಲಲ್ಲಿ ನೂಕಾಡುತ್ತಿದ್ದರು. ಅವಳ ಎಡಗೈ ಜೇಬಿನಿಂದ ಹೊರಗೆ ಬಂತು. ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪನ ಪಟ್ಟಿ ಸುತ್ತಿದ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಿತು.

"ಇರ್ಲಿ," ಎಂದಳು ಚಿಕ್ಕಮ್ಮ.